ಡಿಸೈನ್ ಕೆಲಸಕ್ಕೆ ಎಐ, ಪ್ರೂಫಿಗೆ ಶೇರ್ ಲಿಂಕ್: ನಿಮ್ಮ ಅಂಗಡಿಯಲ್ಲಿ ಏನಾಗುತ್ತಿದೆ?

ಕಲ್ಪತರು ನಾಡಿನವ, ತುಮಕೂರು

ಎಲ್ಲರಿಗೂ ನಮಸ್ಕಾರ. ಬಿ.ಎಚ್. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ನನ್ನ ಸಣ್ಣ ಡಿಸೈನ್ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸ್, ವಿಸಿಟಿಂಗ್ ಕಾರ್ಡ್, ಬಿಲ್ ಬುಕ್, ಶಿವರಾತ್ರಿ ಬಂದರೆ ಸಿದ್ಧಗಂಗೆ ಜಾತ್ರೆಗೆ ಅಂಗಡಿ ಹಾಕುವವರ ಬ್ಯಾನರ್. 14 ವರ್ಷದಿಂದ ಕೋರೆಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲೇ ಕೆಲಸ. ಈಚೆಗೆ ಫೋಟೋಶಾಪ್‌ನ ಜನರೇಟಿವ್ ಫಿಲ್ (ಫೋಟೋದ ಖಾಲಿ ಜಾಗವನ್ನು ಎಐ ತುಂಬಿಸುವುದು), ಆನ್‌ಲೈನ್ ಡಿಸೈನ್ ಮಾಡುವ ಕ್ಯಾನ್ವಾದ ಎಐ ಟೂಲ್‌ಗಳು, ಮ್ಯಾಟರ್ ಟೈಪ್ ಮಾಡಿಸಲು ಒಂದು ಚಾಟ್ ಎಐ, ಇವೆಲ್ಲ ಸೇರಿಕೊಂಡಿವೆ. ಪ್ರೂಫ್, ಅಂದರೆ ಪ್ರಿಂಟಿಗೆ ಮೊದಲು ಗಿರಾಕಿ ನೋಡಿ ಒಪ್ಪಬೇಕಾದ ಪ್ರತಿ, ಅದನ್ನು ಕಳಿಸುವುದೂ ವಾಟ್ಸ್‌ಆ್ಯಪ್ ಫೋಟೋದಿಂದ ಶೇರ್ ಲಿಂಕ್‌ಗೆ ಬದಲಾಗಿದೆ; ಲಿಂಕ್ ಒತ್ತಿದರೆ ಗಿರಾಕಿಯ ಫೋನಿನಲ್ಲಿ ಡಿಸೈನ್ ಫೈಲೇ ತೆರೆಯುತ್ತದೆ. ಎರಡು ಘಟನೆ ಹೇಳುತ್ತೇನೆ, ಆಮೇಲೆ ನಿಮ್ಮ ಅನುಭವ ಹೇಳಿ.

ಮೊದಲನೆಯದು. ಗುಬ್ಬಿ ಕಡೆಯ ಒಂದು ಮನೆಯವರು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಲು ಬಂದರು. ತೀರಿಕೊಂಡವರು ವಯಸ್ಸಾದ ತಾಯಿ. ಇದ್ದದ್ದು ಒಂದೇ ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ, ಬಣ್ಣ ಮಾಸಿತ್ತು, ಕೆನ್ನೆಯ ಮೇಲೆ ಮಡಿಕೆಯ ಗೆರೆ ಬಿದ್ದಿತ್ತು. ಮಾರನೇ ದಿನ ಬೆಳಿಗ್ಗೆಗೆ 6ಕ್ಕೆ 4 ಅಡಿ ಫ್ಲೆಕ್ಸ್ ಬೇಕಿತ್ತು. ಫೋಟೋ ಸ್ಕ್ಯಾನ್ ಮಾಡಿ ಮುಖ ಸ್ಪಷ್ಟ ಮಾಡುವ ಒಂದು ಎಐ ಟೂಲಿಗೆ ಹಾಕಿದೆ. ಹತ್ತು ಸೆಕೆಂಡಿನಲ್ಲಿ ಫಳಫಳ ಹೊಳೆಯುವ ಫೋಟೋ ಬಂತು. ನನಗೆ ಖುಷಿಯಾಯಿತು, ಪ್ರಿಂಟ್ ಮಾಡಿ ಕೊಟ್ಟೂ ಬಿಟ್ಟೆ. ಮಾರನೇ ದಿನ ಸಂಜೆ ಅವರ ಮಗ ವಾಪಸ್ ಬಂದರು. ಜಗಳ ಮಾಡಲಿಲ್ಲ. 'ಅಣ್ಣ, ಇದು ನಮ್ಮ ಅವ್ವ ಅಲ್ಲ' ಎಂದರು ಅಷ್ಟೇ. ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ಹಣೆಯ ಮೇಲಿದ್ದ ಹಚ್ಚೆಯ ಚುಕ್ಕೆಗಳನ್ನು ಕೊಳೆ ಅಂತ ತಿಳಿದು ಅದು ಒರೆಸಿ ಹಾಕಿತ್ತು. ಮೂಗುಬೊಟ್ಟು ಮಾಯ. ಹಲ್ಲು ಬಿದ್ದು ಒಳಗೆ ಹೋಗಿದ್ದ ತುಟಿಯನ್ನು ತುಂಬಿಸಿ ಯಾವುದೋ ಬೇರೆ ಹೆಂಗಸನ್ನು ಕೂರಿಸಿತ್ತು. ಅವತ್ತು ರಾತ್ರಿ ಫೋಟೋಶಾಪ್‌ನ ಕ್ಲೋನ್ ಸ್ಟಾಂಪ್ (ಪಕ್ಕದ ಭಾಗ ನಕಲು ಮಾಡಿ ಕಲೆ ಮುಚ್ಚುವ ಟೂಲ್) ಹಿಡಿದು ಮಡಿಕೆಯ ಗೆರೆ ಮಾತ್ರ ತೆಗೆದು, ಮಸುಕಾಗಿದ್ದರೂ ಇರಲಿ ಅಂತ ಹಾಗೇ ಪ್ರಿಂಟ್ ಹಾಕಿ ದುಡ್ಡು ತಗೊಳ್ಳದೆ ಕೊಟ್ಟೆ. ಆದರೆ ಬೆಳಿಗ್ಗೆ ಬಂದ ನೆಂಟರೆಲ್ಲ ನೋಡಿದ್ದು ಮೊದಲಿನ ಫ್ಲೆಕ್ಸನ್ನೇ. ಅದು ಇವತ್ತಿಗೂ ಕೊರೆಯುತ್ತದೆ.

ಎರಡನೆಯದು ಲಗ್ನಪತ್ರಿಕೆ. ಹೆಣ್ಣಿನ ಕಡೆಯವರು ಕೈಬರಹದ ಎರಡು ಹಾಳೆ ತಂದಿದ್ದರು. ಅದರ ಫೋಟೋ ತೆಗೆದು ಚಾಟ್ ಎಐಗೆ ಕೊಟ್ಟು ಟೈಪ್ ಮಾಡಿಸಿದೆ. ಚೆನ್ನಾಗಿಯೇ ಓದಿತ್ತು. ಆದರೆ ಸಾಲುಗಳನ್ನು ಜೋಡಿಸುವಾಗ ಒಂದು 'ಕೀ.ಶೇ.' ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಜಾರಿತ್ತು. ತೀರಿಕೊಂಡ ಮುತ್ತಜ್ಜನ ಹೆಸರು ಬರೀ ಹೆಸರಾಗಿ ಉಳಿದು, ಮನೆಯಲ್ಲಿ ಆರೋಗ್ಯವಾಗಿ ಓಡಾಡಿಕೊಂಡಿರುವ ಅಜ್ಜನ ಹೆಸರಿನ ಮುಂದೆ ಕೀರ್ತಿಶೇಷ ಬಂದಿತ್ತು! ಸಂವತ್ಸರವೂ ತಪ್ಪು. 2025ರ ಮೇ ತಿಂಗಳ ಮದುವೆ, ಅಂದರೆ ವಿಶ್ವಾವಸು. ಅದು ಹಿಂದಿನ ವರ್ಷದ ಕ್ರೋಧಿಯನ್ನೇ ಹಾಕಿತ್ತು. ನಾನು ಎರಡು ಸಲ ಓದಿದ್ದೆ, ಕಣ್ಣಿಗೆ ಬೀಳಲಿಲ್ಲ. ಪುಣ್ಯಕ್ಕೆ ಈ ಸಲ ಪ್ರೂಫನ್ನು ಲಿಂಕ್ ಮಾಡಿ ಕಳಿಸಿದ್ದೆ. ಹುಡುಗಿಯ ಸೋದರಮಾವ ತಿಪಟೂರಿನಲ್ಲಿ ಕೂತು ಫೋನಿನಲ್ಲೇ ತೆರೆದು, ಸರಿಯಾಗಿ ಆ ಹೆಸರಿನ ಮೇಲೆಯೇ ಕಾಮೆಂಟ್ ಹಾಕಿದರು: 'ಅಪ್ಪಾಜಿ ಇನ್ನೂ ಇದ್ದಾರೆ, ದಯವಿಟ್ಟು ತೆಗೆಯಿರಿ.' ಓದಿ ಕೈ ನಡುಗಿತು. ಅದು 600 ಕಾರ್ಡ್ ಆಗಿ ಹೊರಗೆ ಹೋಗಿದ್ದರೆ?

ನನಗೆ ಈಗ ಅನಿಸುತ್ತಿರುವುದು ಇಷ್ಟು. ಎಲ್ಲರೂ ಎಐ ಬಗ್ಗೆಯೇ ಮಾತಾಡುತ್ತಾರೆ, ಆದರೆ ನನ್ನ ಅಂಗಡಿಗೆ ಜಾಸ್ತಿ ಉಪಕಾರ ಮಾಡಿದ್ದು ಆ ಲಿಂಕ್. ಮನೆಯವರ ಕಣ್ಣು ಫೈಲಿನ ಒಳಗೆ ಬರುವ ಹಾಗಾಯಿತು. ನಿಮಗೆಲ್ಲ ಹೇಗೆ?

ರೇಷ್ಮೆಗೂಡು, ಶಿಡ್ಲಘಟ್ಟ

ಅಣ್ಣ, ಆ ಹಚ್ಚೆಯ ವಿಷಯ ಓದಿ ಸಂಕಟವಾಯಿತು. ನಮ್ಮಜ್ಜಿಗೂ ಹಣೆ ಮೇಲೆ ಮೂರು ಚುಕ್ಕೆ ಇತ್ತು.

ನಾನು ಮಾಡುವುದು ಬೇರೆ ಥರದ ಡಿಸೈನ್. ಮನೆಯಿಂದಲೇ ಬೆಂಗಳೂರಿನ ಒಂದು ಕಂಪನಿಗೆ ಆ್ಯಪ್ ಸ್ಕ್ರೀನ್ ಮಾಡಿಕೊಡುತ್ತೇನೆ, ಫಿಗ್ಮಾ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ. ಲಿಂಕ್ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಫಿಗ್ಮಾ 2016ರಲ್ಲಿ ಎಲ್ಲರಿಗೂ ಸಿಕ್ಕಿತು. ಆಗ ಅದರಲ್ಲಿ ಎಐ ಎಲ್ಲಿತ್ತು? ಬ್ರೌಸರಿನಲ್ಲಿ ಒಂದೇ ಫೈಲನ್ನು ಹಲವರು ಒಟ್ಟಿಗೆ ತೆರೆಯಬಹುದು, ಒಬ್ಬೊಬ್ಬರ ಕರ್ಸರ್ ಹೆಸರಿನ ಸಮೇತ ಓಡಾಡುವುದು ಕಾಣುತ್ತದೆ, ಎಲ್ಲಿ ಬೇಕೋ ಅಲ್ಲಿ ಕಾಮೆಂಟ್ ಚುಚ್ಚಬಹುದು. ಜನ ಹಿಡಿದುಕೊಂಡಿದ್ದು ಇದಕ್ಕೇ. ಫೋಟೋಶಾಪ್ ಮಾಡುವ ಅಡೋಬಿ ಕಂಪನಿ 2022ರ ಸೆಪ್ಟೆಂಬರಿನಲ್ಲಿ ಅದನ್ನು 2,000 ಕೋಟಿ ಡಾಲರ್‌ಗೆ ಕೊಳ್ಳುತ್ತೇವೆ ಎಂದಿತು. ಯುರೋಪ್ ಮತ್ತು ಬ್ರಿಟನ್‌ನ ನಿಯಂತ್ರಕರು ಒಪ್ಪುವ ಹಾಗೆ ಕಾಣದೆ 2023ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಒಟ್ಟಿಗೆ ಕೂತು ಕೆಲಸ ಮಾಡುವುದಕ್ಕೆ ಎಷ್ಟು ಬೆಲೆ ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ.

ಎಐ ಬಂದಿದ್ದು ಆಮೇಲೆ. 2024ರ ಜೂನ್‌ನಲ್ಲಿ ಫಿಗ್ಮಾ ತನ್ನ ಎಐ ತೋರಿಸಿತು. ಬರೆದು ಕೇಳಿದರೆ ಸ್ಕ್ರೀನ್ ಮಾಡಿಕೊಡುವ ಟೂಲ್ ಅದರಲ್ಲಿತ್ತು. ಹವಾಮಾನದ ಆ್ಯಪ್ ಕೇಳಿದರೆ ಆ್ಯಪಲ್‌ನ ಹವಾಮಾನ ಆ್ಯಪ್ ಥರವೇ ಬರುತ್ತಿದೆ ಅಂತ ಜನ ತೋರಿಸಿದರು, ಕಂಪನಿ ಅದನ್ನು ಕೆಲ ಕಾಲ ನಿಲ್ಲಿಸಿತು. ನಾನು ಎಐಯನ್ನು ಈಗ ಬಳಸುವುದು ಬೇಸರದ ಕೆಲಸಕ್ಕೆ ಮಾತ್ರ. ಡಿಸೈನಿನ ಇನ್ನೂರು ಲೇಯರ್‌ಗೆ (ಪದರಗಳಿಗೆ) ಹೆಸರಿಡುವುದು, ಸುಮ್ನೆ ತುಂಬಿಸುವ ಮಾದರಿ ಪಠ್ಯ, ಇಂಥದ್ದು.

ಇನ್ನೊಂದು ಮಾತು ಎಲ್ಲರಿಗೂ. ಫಿಗ್ಮಾದ ಉಚಿತ ಪ್ಲಾನ್ ಮತ್ತು ಪ್ರೊಫೆಷನಲ್ ಪ್ಲಾನ್‌ಗಳಲ್ಲಿ, ನಮ್ಮ ಫೈಲಿನಿಂದ ಎಐ ಕಲಿಯಲು ಅನುಮತಿ ಕೊಡುವ ಸೆಟ್ಟಿಂಗ್ 2024ರ ಆಗಸ್ಟಿನಲ್ಲಿ ಬಂದಾಗ ಮೊದಲೇ ಆನ್ ಆಗಿತ್ತು. ಬೇಡದವರು ನಾವೇ ಹೋಗಿ ಆಫ್ ಮಾಡಬೇಕಿತ್ತು. ಯಾವ ಸಾಫ್ಟ್‌ವೇರ್ ಆದರೂ ಸರಿ, ಮೊದಲ ದಿನವೇ ಸೆಟ್ಟಿಂಗ್ಸ್ ತೆರೆದು ಈ ಒಂದು ಸಾಲು ಹುಡುಕಿ. ಗಿರಾಕಿಯ ಮನೆಯ ಹೆಸರು, ಫೋನ್ ನಂಬರ್, ಮಗುವಿನ ಫೋಟೋ ಎಲ್ಲ ನಮ್ಮ ಫೈಲಿನಲ್ಲಿ ಇರುತ್ತದೆ.

ಮಂಡಿ ಹುಡುಗ, ಕೋಲಾರ

ನಮಸ್ಕಾರ. ನಾನು ಎಪಿಎಂಸಿಯ ಟೊಮೆಟೊ ಮಂಡಿಗಳಿಗೆ ಬೋರ್ಡ್, ಬ್ಯಾನರ್, ಚೀಟಿ ಪುಸ್ತಕ ಮಾಡಿಕೊಡುತ್ತೇನೆ. ನಮ್ಮ ಕಡೆಯ ತೊಂದರೆ ಬೇರೆ. ಎಐಗೆ 'ಟೊಮೆಟೊ ಮಂಡಿಗೆ ಕನ್ನಡದಲ್ಲಿ ಬ್ಯಾನರ್ ಮಾಡು' ಎಂದರೆ ಹಣ್ಣು ಚೆನ್ನಾಗಿ ಬರುತ್ತದೆ, ಕ್ರೇಟ್ ಚೆನ್ನಾಗಿ ಬರುತ್ತದೆ, ಅಕ್ಷರ ಮಾತ್ರ ಅರ್ಧ ಕನ್ನಡ ಅರ್ಧ ತೆಲುಗು. ದೂರದಿಂದ ನೋಡಿದರೆ ಕನ್ನಡವೇ ಅನಿಸುತ್ತದೆ. ಹತ್ತಿರ ಹೋದರೆ ಒಂದು ಅಕ್ಷರದ ತಲೆಕಟ್ಟು ನಮ್ಮದು, ಪಕ್ಕದ್ದಕ್ಕೆ ತೆಲುಗಿನ ಟಿಕ್ ಗುರುತಿನಂಥ ತಲಕಟ್ಟು, ಕೆಳಗಿನ ಒತ್ತು ಯಾರದ್ದೂ ಅಲ್ಲ. ಎರಡೂ ಲಿಪಿ ಒಂದೇ ಹಳೆಯ ಲಿಪಿಯಿಂದ ಕವಲೊಡೆದವು, ಯಂತ್ರಕ್ಕೆ ಗೊಂದಲ ಆಗುವುದು ನನಗೆ ಅರ್ಥವಾಗುತ್ತದೆ. ಆದರೆ ಕೋಲಾರದ ಜನ ಎರಡೂ ಓದುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದಿಂದ ಬರುವ ರೈತರು ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಕಲಿತವರು. ನೋಡಿದ ತಕ್ಷಣ ಹಿಡಿಯುತ್ತಾರೆ.

ಹೊಸ ಟೂಲ್‌ಗಳಲ್ಲಿ ಅಕ್ಷರ ಮೊದಲಿಗಿಂತ ಸುಧಾರಿಸಿದೆ, ಅದು ನಿಜ. ಒಂದೆರಡು ಪದ ಸರಿಯಾಗೇ ಬರುತ್ತವೆ. ಆದರೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರು ಬಂದರೆ ನಂಬುವ ಹಾಗಿಲ್ಲ. ನಾನು ಈಗ ಚಿತ್ರವನ್ನು ಅಕ್ಷರ ಇಲ್ಲದೆ ಮಾಡಿಸುತ್ತೇನೆ, ಮೇಲಿನ ಅರ್ಧ ಖಾಲಿ ಬಿಡಿಸುತ್ತೇನೆ, ಅಕ್ಷರವನ್ನು ನಾನೇ ಟೈಪ್ ಮಾಡುತ್ತೇನೆ. ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಎಲ್ಲ ಉಚಿತ, ವ್ಯಾಪಾರಕ್ಕೂ ಬಳಸಬಹುದು. ಬೋರ್ಡಿಗೆ ಬಾಲೂ ತಮ್ಮ ದಪ್ಪಗೆ ಚೆನ್ನಾಗಿ ಕೂರುತ್ತದೆ.

ಬ್ರಷ್ ಹಿಡಿದ ಕೈ, ಚಿಂತಾಮಣಿ

ಮಕ್ಕಳಾ, ನನಗೆ ಕಂಪ್ಯೂಟರ್ ಅಷ್ಟಾಗಿ ಬರುವುದಿಲ್ಲ, ಮಗ ಟೈಪ್ ಮಾಡಿಕೊಡುತ್ತಿದ್ದಾನೆ. ನಾನು 30 ವರ್ಷ ತಗಡಿನ ಬೋರ್ಡ್ ಬರೆದವನು. ಚಾಕ್ ಹಚ್ಚಿದ ದಾರ ಎಳೆದು ಗೆರೆ ಹೊಡೆದು, ಎನಾಮಲ್ ಬಣ್ಣದಲ್ಲಿ ಒಂದೊಂದೇ ಅಕ್ಷರ. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯಿತು. ಈಗ ಮಗನ ಅಂಗಡಿಯಲ್ಲಿ ಕೂರುತ್ತೇನೆ.

ಕೋಲಾರದ ಹುಡುಗ ಅಕ್ಷರದ ಬಗ್ಗೆ ಹೇಳಿದ. ನಾನು ದೇವರ ಚಿತ್ರದ ಬಗ್ಗೆ ಹೇಳುತ್ತೇನೆ. ಮಗ ಒಂದು ಲಗ್ನಪತ್ರಿಕೆಗೆ ಎಐನಲ್ಲಿ ಗಣಪತಿ ಮಾಡಿದ. ಬಣ್ಣ, ಬೆಳಕು ಎಲ್ಲ ಬಹಳ ಚೆನ್ನ. ಆದರೆ ಏಕದಂತನಿಗೆ ಎರಡೂ ದಂತ ಪೂರ್ತಿ ಇತ್ತು. ಜನಿವಾರ ಬಲ ಹೆಗಲ ಮೇಲಿತ್ತು. ಶುಭಕಾರ್ಯಕ್ಕೆ ಜನಿವಾರ ಎಡ ಹೆಗಲ ಮೇಲೆ ಇರಬೇಕು. ಬಲಕ್ಕೆ ಹಾಕಿಕೊಳ್ಳುವುದು ಪಿತೃಕಾರ್ಯಕ್ಕೆ. ಮದುವೆ ಕಾರ್ಡಿನ ಮೇಲೆ ಅದು ಹೋಗಬಾರದು. ಮಗನಿಗೆ ಹೇಳಿದ ಮೇಲೆ ಸರಿ ಮಾಡಿದ. ಚಿತ್ರವನ್ನು ಎಡಬಲ ತಿರುಗಿಸಿದರೆ ಜನಿವಾರ ಸರಿಹೋಗುತ್ತದೆ, ಆದರೆ ಸೊಂಡಿಲೂ ತಿರುಗುತ್ತದೆ. ಬಲಮುರಿ ಗಣಪತಿ ಎಡಮುರಿ ಆಗುತ್ತಾನೆ. ಅದನ್ನೂ ನೋಡಿಕೊಳ್ಳಿ.

ನನಗೆ ಸಂತೋಷ ಕೊಟ್ಟ ಸಂಗತಿಯೂ ಇದೆ. ನಾನು ಹಾಳೆಯ ಮೇಲೆ ಬ್ರಷ್ಷಿನಲ್ಲಿ ಅಕ್ಷರ ಬರೆದರೆ ಮಗ ಅದರ ಫೋಟೋ ತೆಗೆದು ಕೋರೆಲ್‌ನ ಪವರ್‌ಟ್ರೇಸ್‌ಗೆ ಹಾಕುತ್ತಾನೆ, ಅದು ಫೋಟೋದಲ್ಲಿರುವ ಅಕ್ಷರವನ್ನು ಗೆರೆಗಳಾಗಿ ಬದಲಿಸುತ್ತದೆ. 2020ರ ವರ್ಷನ್‌ನಿಂದ ಅದಕ್ಕೂ ಎಐ ಸೇರಿದೆಯಂತೆ, ಅಂಚು ಹಳೆಯದಕ್ಕಿಂತ ನುಣುಪಾಗಿ ಬರುತ್ತದೆ. ನನ್ನ ಕೈಬರಹದ ಅಂಗಡಿ ಹೆಸರುಗಳು ಮತ್ತೆ ಬೀದಿಯಲ್ಲಿ ಕಾಣುತ್ತಿವೆ. ನನ್ನ 'ಶ್ರೀ' ಯಾವ ಫಾಂಟಿನಲ್ಲೂ ಇಲ್ಲ.

ಬಂಗಾರಪೇಟೆ ಆಫ್‌ಸೆಟ್

ಹಿರಿಯರಿಗೆ ನಮಸ್ಕಾರ. ಜನಿವಾರದ ಮಾತು ಬರೆದಿಟ್ಟುಕೊಂಡೆ, ನಮ್ಮಲ್ಲಿ ಯಾರೂ ಅದನ್ನು ಗಮನಿಸಿಯೇ ಇರಲಿಲ್ಲ.

ಕಲ್ಪತರು ಅಣ್ಣ, ಲಿಂಕ್ ವಿಷಯದಲ್ಲಿ ನನ್ನದು ಸ್ವಲ್ಪ ತಕರಾರು ಇದೆ. ಲಿಂಕ್ ಒಳ್ಳೆಯದೇ, ಆದರೆ ಯಾವ ಅನುಮತಿ ಕೊಟ್ಟು ಕಳಿಸುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕ್ಯಾನ್ವಾದಲ್ಲಿ ಮೂರು ಥರ ಇದೆ: ನೋಡಲು, ಕಾಮೆಂಟ್ ಹಾಕಲು, ಎಡಿಟ್ ಮಾಡಲು. ನಮ್ಮ ಹುಡುಗ ಒಂದು ಸಲ ಗೊತ್ತಿಲ್ಲದೆ ಎಡಿಟ್ ಕೊಟ್ಟು ಕಳಿಸಿದ. ಗಿರಾಕಿ ಅದನ್ನು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ರಾತ್ರಿ ಯಾರೋ ಫೋನಿನಲ್ಲಿ ಹೆಸರು ನೋಡಲು ಹೋಗಿ ಬೆರಳು ತಾಗಿಸಿದ್ದಾರೆ, ಮುಹೂರ್ತದ 10.15 ಹೋಗಿ 10.5 ಆಗಿದೆ. ಒಬ್ಬರು ಗಂಡಿನ ತಾಯಿಯ ಹೆಸರಿನ ಮುಂದೆ ಬಿರುದು ಸೇರಿಸಿದ್ದಾರೆ. ಬೆಳಿಗ್ಗೆ ನಾವು ಅದನ್ನೇ ಪ್ಲೇಟ್‌ಗೆ (ಪ್ರಿಂಟಿಂಗ್ ಮೆಷಿನ್ನಿಗೆ ಹಾಕುವ ಅಚ್ಚು) ಕಳಿಸಿದೆವು. ಪ್ಲೇಟ್ ಮತ್ತೆ ಮಾಡಬೇಕಾಯಿತು, ನಷ್ಟ ನಮ್ಮದೇ.

ಈಗ ಕಾಮೆಂಟ್ ಅನುಮತಿ ಮಾತ್ರ ಕೊಡುತ್ತೇವೆ. ಎರಡೂ ಕಡೆಯಿಂದ ಒಬ್ಬೊಬ್ಬರು ಮಾತ್ರ 'ಓಕೆ' ಹೇಳಬೇಕು, ಉಳಿದವರು ಏನಿದ್ದರೂ ಅವರಿಗೆ ಹೇಳಿಕೊಳ್ಳಲಿ. ಓಕೆ ಬಂದ ಮೇಲೆ ಪಿಡಿಎಫ್ ತೆಗೆದು ಲಿಂಕ್ ಮುಚ್ಚುತ್ತೇವೆ. ಕೆಲಸ ಮುಗಿದ ಮೇಲೂ ತೆರೆದ ಲಿಂಕ್ ಬಿಡಬೇಡಿ, ಮನೆ ವಿಳಾಸ ಇರುವ ಕಾರ್ಡ್ ಅದು.

ಪ್ರಿಂಟಿನವನಾಗಿ ಇನ್ನೊಂದು. ಎಐ ಚಿತ್ರ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ, ಕಾಗದದ ಮೇಲೆ ಅಲ್ಲ. 1024 ಪಿಕ್ಸೆಲ್ (ಚಿತ್ರದ ಚುಕ್ಕೆ) ಅಗಲದ ಚಿತ್ರ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಮೂರೂವರೆ ಇಂಚೂ ಬರುವುದಿಲ್ಲ. ಅದನ್ನೇ 6 ಅಡಿ ಫ್ಲೆಕ್ಸ್‌ಗೆ ಎಳೆದರೆ ಇಂಚಿಗೆ 14 ಪಿಕ್ಸೆಲ್ ಸಿಗುತ್ತದೆ. ಫ್ಲೆಕ್ಸ್ ದೂರದಿಂದ ನೋಡುವುದು, 72 ಇದ್ದರೆ ನಡೆಯುತ್ತದೆ, 14 ಅಂದರೆ ಬರೀ ಕಲಸುಮೇಲೋಗರ. ಬಣ್ಣವೂ ಅಷ್ಟೇ. ಈ ಚಿತ್ರಗಳೆಲ್ಲ ಆರ್‌ಜಿಬಿ, ಅಂದರೆ ಪರದೆಯ ಬಣ್ಣ. ಸಿಎಂವೈಕೆ, ಅಂದರೆ ಪ್ರಿಂಟಿನ ನಾಲ್ಕು ಇಂಕಿನ ಬಣ್ಣ, ಮಾಡಿದಾಗ ಆ ಹೊಳೆಯುವ ನವಿಲಿನ ನೀಲಿ ಮಂಕಾಗುತ್ತದೆ. ಗಿರಾಕಿಗೆ ಪ್ರೂಫ್ ಕಳಿಸುವ ಮೊದಲೇ ಸಿಎಂವೈಕೆ ಮಾಡಿ ತೋರಿಸಿ, ಆಮೇಲೆ 'ಫೋನಿನಲ್ಲಿ ಚೆನ್ನಾಗಿತ್ತು' ಅನ್ನುವ ಮಾತು ಬರುವುದಿಲ್ಲ.

ಕ್ಯಾತ್ಸಂದ್ರದ ವಿದ್ಯಾರ್ಥಿನಿ

ಸರ್, ಅಕ್ಕ, ಎಲ್ಲರಿಗೂ ನಮಸ್ತೆ. ನಾನು ಡಿಗ್ರಿ ಓದುತ್ತಾ ಸಂಜೆ ಒಂದು ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಸೆಂಟರಿನಲ್ಲಿ ಕೆಲಸ ಕಲಿಯುತ್ತಿದ್ದೇನೆ. ಅಲ್ಲಿರುವ ಹಳೆಯ ಫೈಲುಗಳೆಲ್ಲ ನುಡಿ ಫಾಂಟಿನಲ್ಲಿವೆ. ಅದರ ಮ್ಯಾಟರ್ ತೆಗೆದು ಎಐಗೆ ಹಾಕಿದರೆ ಏನೂ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಕ್ಯಾನ್ವಾಗೆ ಹಾಕಿದರೂ ಹಾಗೇ. ಇದಕ್ಕೆ ಏನು ಮಾಡುವುದು? ಇನ್ನೊಂದು ಕೇಳಬೇಕಿತ್ತು. ಎಐ ಇಷ್ಟೆಲ್ಲ ಮಾಡುವಾಗ ನಾನು ಪೆನ್ ಟೂಲ್ (ಚಿತ್ರದ ಅಂಚಿಗೆ ಕೈಯಲ್ಲೇ ಗೆರೆ ಹಾಕುವುದು) ಕಲಿಯಲು ತಿಂಗಳುಗಟ್ಟಲೆ ಕೂರಬೇಕಾ?

ಕಲ್ಪತರು ನಾಡಿನವ, ತುಮಕೂರು

ಕೇಳಿದ್ದು ಒಳ್ಳೆಯದಾಯಿತಮ್ಮ. ಇದು ನಮ್ಮ ಅರ್ಧದಷ್ಟು ಅಂಗಡಿಗಳ ಗೋಳು.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಫೈಲು ಕಂಪ್ಯೂಟರಿಗೆ ಕನ್ನಡವೇ ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಆ ಫಾಂಟ್ ಹಾಕಿದಾಗ ಮಾತ್ರ ಕಣ್ಣಿಗೆ ಕನ್ನಡದ ಹಾಗೆ ಕಾಣುತ್ತದೆ. ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಜಾಗ ಇದೆ, 1991ರ ಮೊದಲ ಆವೃತ್ತಿಯಿಂದಲೇ ಇದೆ. ಎಐ, ಕ್ಯಾನ್ವಾ, ಫಿಗ್ಮಾ, ಫೋನು ಎಲ್ಲಕ್ಕೂ ಅರ್ಥವಾಗುವುದು ಅದೇ. ಆ ಹಳೆಯ ಸಂಕೇತದಿಂದ (ಅದಕ್ಕೆ ಆಸ್ಕಿ ಅನ್ನುತ್ತಾರೆ) ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತು, ಅಂಕಿ, ಈ ಮೂರನ್ನು ಕಣ್ಣಿಟ್ಟು ನೋಡು, ತಪ್ಪಾಗುವುದು ಜಾಸ್ತಿ ಅಲ್ಲೇ. ಫೋಟೋಶಾಪ್, ಇಲ್ಲಸ್ಟ್ರೇಟರ್ ಹಳೆಯ ವರ್ಷನ್ ಆಗಿದ್ದರೆ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಆನ್ ಮಾಡು. ಇಲ್ಲದಿದ್ದರೆ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತದೆ.

ಪೆನ್ ಟೂಲ್ ಕಲಿಯಲೇಬೇಕು. ಮದುಮಗಳ ಫೋಟೋದ ಹಿನ್ನೆಲೆ ತೆಗೆಯಲು ಈಗ ಒಂದು ಬಟನ್ ಸಾಕು, ಹೌದು. ಆದರೆ ಅದು ಜಡೆಯ ಪಕ್ಕ ಇಳಿಬಿದ್ದ ಮಲ್ಲಿಗೆ ದಂಡೆಯನ್ನು ಹಿನ್ನೆಲೆ ಅಂತ ತಿಳಿದು ಕತ್ತರಿಸುತ್ತದೆ. ಬಾಸಿಂಗದ ತುದಿ ಕಚ್ಚಿ ಹಾಕುತ್ತದೆ. ಹೋಗಿದ್ದನ್ನು ವಾಪಸ್ ತರುವುದು ಪೆನ್ ಟೂಲ್ ಮತ್ತು ಮಾಸ್ಕ್ (ಚಿತ್ರ ಅಳಿಸದೆ ಬೇಡದ ಭಾಗ ಮರೆಮಾಡುವುದು). ಬಟನ್ ಒತ್ತಿ, ಉಳಿದಿದ್ದನ್ನು ಕೈಯಲ್ಲಿ ಸರಿ ಮಾಡು. ಮೊದಲು ಅರ್ಧ ಗಂಟೆ ಹಿಡಿಯುತ್ತಿದ್ದ ಕೆಲಸ ಈಗ ಐದು ನಿಮಿಷ. ಆ ಉಳಿದ ಇಪ್ಪತ್ತೈದು ನಿಮಿಷವನ್ನು ಪ್ರೂಫ್ ಓದಲು ಕೊಡು.

ಬಂಗಾರಪೇಟೆಯ ಗೆಳೆಯರೇ, ನಿಮ್ಮ ತಕರಾರು ಒಪ್ಪಿದೆ. ನಾನೂ ಇವತ್ತಿನಿಂದ ಕಾಮೆಂಟ್ ಅನುಮತಿ ಮಾತ್ರ.

ರೇಷ್ಮೆಗೂಡು, ಶಿಡ್ಲಘಟ್ಟ

ಬಂಗಾರಪೇಟೆ ಅಣ್ಣನಿಗೆ ಒಂದು ಸೇರಿಸುತ್ತೇನೆ. ಯಾರೋ ಬದಲಿಸಿದ್ದಾರೆ ಅನಿಸಿದರೆ ವರ್ಷನ್ ಹಿಸ್ಟರಿ ನೋಡಿ, ಫೈಲಿನ ಹಿಂದಿನ ರೂಪಗಳೆಲ್ಲ ಅಲ್ಲಿರುತ್ತವೆ. ಫಿಗ್ಮಾದ ಉಚಿತ ಪ್ಲಾನ್‌ನಲ್ಲೂ 30 ದಿನದ ಹಿಂದಿನವರೆಗೆ ಹೋಗಬಹುದು. ಗಿರಾಕಿ ಓಕೆ ಹೇಳಿದ ಕ್ಷಣದಲ್ಲೇ ಆ ವರ್ಷನ್‌ಗೆ 'ಓಕೆ ಆದದ್ದು' ಅಂತ ಹೆಸರಿಟ್ಟು ಬಿಡಿ. ಪ್ಲೇಟ್‌ಗೆ ಹೋಗುವುದು ಅದೊಂದೇ.

ತಂಗಿ, ನೀನು ಕನ್ನಡ ಪ್ರೂಫ್ ಓದುವುದನ್ನೂ ಕಲಿ. ನಮ್ಮ ಕಂಪನಿಯಲ್ಲಿ ಆ್ಯಪ್‌ನ ಕನ್ನಡ ಪಠ್ಯ ನೋಡಲು ಜನವೇ ಸಿಗುತ್ತಿಲ್ಲ. ಎಐ ಅನುವಾದಿಸಿದ ಬಟನ್ ಮೇಲಿನ ಕನ್ನಡವನ್ನು ನಾನು ದಿನಾ ತಿದ್ದುತ್ತೇನೆ. ಇಂಗ್ಲಿಷಿನಲ್ಲಿ ನಾಲ್ಕಕ್ಷರದ ಪದ ಕನ್ನಡದಲ್ಲಿ ಉದ್ದವಾಗಿ ಬಟನ್ ಒಳಗೆ ಹಿಡಿಸುವುದೇ ಇಲ್ಲ. ಸಾಲಿನ ಎತ್ತರ ಕಡಿಮೆ ಇಟ್ಟರೆ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ. ಇದು ಕನ್ನಡ ಬಲ್ಲ ಕಣ್ಣಿಗೆ ಮಾತ್ರ ಕಾಣುತ್ತದೆ.

ಮಂಡಿ ಹುಡುಗ, ಕೋಲಾರ

ಚಿಂತಾಮಣಿಯ ಹಿರಿಯರೇ, ನಿಮ್ಮ ಕೈಬರಹದ ಅಕ್ಷರಗಳನ್ನು ನೋಡಬೇಕು ಅಂತ ಆಸೆ. ನಮ್ಮ ಮಂಡಿಯ ಹಳೆಯ ಯಜಮಾನರೊಬ್ಬರು ಹೊಸ ಬೋರ್ಡಿಗೆ 'ಮೊದಲಿನ ಥರದ ಅಕ್ಷರ ಬೇಕು, ಕಂಪ್ಯೂಟರ್ ಅಕ್ಷರ ಬೇಡ' ಅನ್ನುತ್ತಿದ್ದಾರೆ. ನಾನು ಎಐನಲ್ಲಿ ಆ ಥರ ಮಾಡಲು ಎರಡು ದಿನ ಒದ್ದಾಡಿದೆ, ಆಗಲಿಲ್ಲ. ನೀವು ಬರೆದುಕೊಡುತ್ತೀರಾ? ದುಡ್ಡು ಎಷ್ಟು ಅಂತ ಹೇಳಿ.

ಬ್ರಷ್ ಹಿಡಿದ ಕೈ, ಚಿಂತಾಮಣಿ

ಬರೆದುಕೊಡುತ್ತೇನೆ ಮಗು. ಬೋರ್ಡಿನ ಉದ್ದ ಅಗಲ, ಮಂಡಿಯ ಹೆಸರು, ಎಷ್ಟು ದೂರದಿಂದ ಓದಬೇಕು ಅನ್ನುವುದನ್ನು ಕಳಿಸು. ಹೆಸರಿನಲ್ಲಿ 'ಶ್ರೀ' ಇದೆಯಾ? ಇದ್ದರೆ ಮೇಲೆ ಜಾಗ ಜಾಸ್ತಿ ಬೇಕು, ಸುತ್ತು ಮೇಲಕ್ಕೆ ಹೋಗುತ್ತದೆ. ಮಗ ಟ್ರೇಸ್ ಮಾಡಿ ಲಿಂಕ್ ಹಾಕುತ್ತಾನೆ, ನಿಮ್ಮ ಯಜಮಾನರಿಗೆ ತೋರಿಸು. ಅವರಿಗೆ ಎಲ್ಲಿ ಹಿಡಿಸುವುದಿಲ್ಲವೋ ಅಲ್ಲೇ ಬೆರಳಿಟ್ಟು ಬರೆಯಲಿ. ದುಡ್ಡಿನ ಮಾತು ಅವರು ಒಪ್ಪಿದ ಮೇಲೆ.

ಕಲ್ಪತರು ನಾಡಿನವ, ತುಮಕೂರು

ಹಿರಿಯರೇ, ಆ ಲಿಂಕ್ ನನಗೂ ಒಂದು ಕಳಿಸಲು ಮಗನಿಗೆ ಹೇಳಿ, ನೋಡುವ ಅನುಮತಿ ಸಾಕು. ಕ್ಯಾತ್ಸಂದ್ರದ ತಂಗಿ, ಆ ನುಡಿ ಫೈಲುಗಳಲ್ಲಿ ಒಂದನ್ನು ಬದಲಿಸಿ ನೋಡು. ಎಲ್ಲಿ ಒಡೆಯಿತು ಅಂತ ಇಲ್ಲೇ ಬರೆ. ಆದರೆ ಗಿರಾಕಿಯ ಹೆಸರು, ನಂಬರ್ ಇರುವ ಫೈಲು ಬೇಡ, ಹಳೆಯ ಕರಪತ್ರ ಯಾವುದಾದರೂ ತಗೋ.